ಬಸುರಿಯ ದುಡಿಮೆ, ಕೂಸಿನ ತೂಕ

(ನಿಗಡಿಯಲ್ಲಿ ಕೂಡಿದ ಕನ್ನಡ ಕಾರ್ಮಿಕರ ಸಭೆಯಲ್ಲಿ ಆಡಿದ ಮಾತು)



ಈ ದಿನದ ಮಾತು ಪಗಾರದ್ದಲ್ಲ, ಬೋನಸ್ಸಿನದೂ ಅಲ್ಲ, ಬಸುರಿ ಹೆಂಗಸಿನದು ಎಂದು ಗೊತ್ತಾದ ಕೂಡಲೆ ನಮ್ಮ ಕೆಲವು ಗಂಡಸರು ಮೆಲ್ಲನೆ ಹಿಂದಿನ ಸಾಲಿಗೆ ಸರಿದು ಕೂತದ್ದನ್ನು ನಾವು ನೋಡಿದೆವು. ಅದು ಹೆಂಗಸರ ಸಂಗತಿ, ಅತ್ತೆಯೋ ತಾಯಿಯೋ ನೋಡಿಕೊಳ್ಳುತ್ತಾರೆ, ನಮಗೇಕೆ ಎಂಬ ಭಾವನೆ. ದಯಮಾಡಿ ಮುಂದೆ ಬನ್ನಿ. ಹೋಟೆಲಿನ ಅಡಿಗೆಮನೆಯಲ್ಲಿ ಯಾರು ನಿಲ್ಲಬೇಕು, ಯಾರು ಕೂರಬೇಕು, ಯಾರು ಹಂಡೆ ಎತ್ತಬೇಕು ಎಂದು ಗೊತ್ತುಮಾಡುವವರು ಗಂಡಸರು. ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಬರೆಯಬೇಕು ಎಂದು ಗೊತ್ತುಮಾಡುವವರೂ ಗಂಡಸರೇ. ಆದ್ದರಿಂದ ಇಂದಿನ ಮಾತು ಮೊದಲು ನಮಗೆ, ಆಮೇಲೆ ಅಕ್ಕಂದಿರಿಗೆ.

ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಂಡು ಮುಂದುವರಿಯುತ್ತೇವೆ. ನಾವು ಹೋಟೆಲಿನ ಒಳಗೆ ಕೆಲಸದಲ್ಲಿದ್ದ ಕಾಲ. ಹೋಟೆಲಿನ ಹೆಸರು ಬೇಡ, ಅಂಥವು ನೂರಾರಿವೆ. ಅಡಿಗೆಮನೆಯ ಉಸ್ತುವಾರಿ ನಮ್ಮ ಕೈಯಲ್ಲಿತ್ತು. ವಿಜಾಪುರದ ಕಡೆಯ ಒಬ್ಬ ಹೆಣ್ಣುಮಗಳು ಬೆಳಗಿನಿಂದ ಮಧ್ಯಾಹ್ನದ ತನಕ ಚಪಾತಿ ಲಟ್ಟಿಸುವುದಕ್ಕೆ, ಆಮೇಲೆ ಸಂಜೆಯ ತನಕ ಪಾತ್ರೆ ತೊಳೆಯುವುದಕ್ಕೆ ಇದ್ದಳು. ಐದಾರು ತಿಂಗಳ ಬಸುರಿ. ಒಂದು ದಿನ ನಮ್ಮ ಹತ್ತಿರ ಬಂದು, "ಅಣ್ಣಾರ, ಕಾಲು ಬಾತಾವ್ರಿ, ಕುಂತು ಲಟ್ಟಸ್ಲೇನ್ರಿ?" ಎಂದು ಕೇಳಿದಳು. ಮೂಲೆಯಲ್ಲಿ ಒಂದು ಸ್ಟೂಲಿತ್ತು. ಅದರ ಮೇಲೆ ಉಳ್ಳಾಗಡ್ಡಿಯ ಚೀಲ ಇಟ್ಟಿದ್ದೆವು. "ಕೂತರೆ ಕೈ ಓಡುವುದಿಲ್ಲ ತಂಗಿ, ಧಣಿಗಳು ನೋಡಿದರೆ ನಮ್ಮನ್ನು ಕೇಳುತ್ತಾರೆ" ಎಂದೆವು. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನಾವು ಸರಿಹೋಯಿತು ಎಂದು ತಿಳಿದೆವು. ಏಳು ತಿಂಗಳು ಮುಗಿಯುವ ಮೊದಲೇ ಒಂದು ರಾತ್ರಿ ಹೆರಿಗೆಯಾಯಿತು. ಕೂಸು ಒಂದೂವರೆ ಕಿಲೋ ಕೂಡ ಇರಲಿಲ್ಲ. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಹನ್ನೆರಡನೆಯ ದಿನ ಇರಲಿಲ್ಲ.

ಸ್ಟೂಲು ಕೊಡದೆ ಇದ್ದದ್ದರಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಒಂದು ಕೂಸಿನ ವಿಷಯದಲ್ಲಿ ಹಾಗೆ ಬೆರಳು ತೋರಿಸಿ ಹೇಳಲು ಬರುವುದಿಲ್ಲ. ದಿನ ತುಂಬದ ಹೆರಿಗೆಗೆ ಕಾರಣಗಳು ಹತ್ತಿವೆ. ಆದರೆ ಆ ಉಳ್ಳಾಗಡ್ಡಿ ಚೀಲ ಕೆಳಗಿಳಿಸಲು ನಮಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಅಂದಿನಿಂದ ಈ ವಿಷಯದಲ್ಲಿ ತಿಳಿದವರನ್ನು ಕೇಳುತ್ತ, ಓದಲು ಬಂದಷ್ಟು ಓದುತ್ತ ಬಂದಿದ್ದೇವೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಹಿರಿಯರು ಒಂದು ಮಾತು ಹೇಳುತ್ತಾರೆ: ಬಸುರಿ ದುಡಿದಷ್ಟೂ ಹೆರಿಗೆ ಹಗುರ. ಈ ಮಾತು ಪೂರ್ತಿ ಸುಳ್ಳಲ್ಲ. ಆರೋಗ್ಯವಂತ ಹೆಂಗಸು ನಡೆದಾಡುವುದು, ಹದವಾದ ಕೆಲಸ ಮಾಡುವುದು ಒಳ್ಳೆಯದು ಎಂದು ಇಂದಿನ ಡಾಕ್ಟರರೂ ಹೇಳುತ್ತಾರೆ. ಕೆಲಸವೇ ಕೆಟ್ಟದ್ದು, ಬಸುರಾದ ಕೂಡಲೆ ಮನೆಯಲ್ಲಿ ಕೂರಿಸಿ ಎಂದು ನಾವು ಹೇಳಲು ಬಂದಿಲ್ಲ. ಮನೆಯಲ್ಲಿ ಕೂತರೆ ಹಾಲು ಯಾರು ತರುತ್ತಾರೆ, ಸೊಪ್ಪು ಯಾರು ತರುತ್ತಾರೆ? ಆಕೆಯ ಪಗಾರ ಆಕೆಯ ಹೊಟ್ಟೆಗೂ ಕೂಸಿನ ಹೊಟ್ಟೆಗೂ ಬೀಳುವ ಅನ್ನ. ಆದರೆ ಹಿರಿಯರು ಹೇಳಿದ ದುಡಿಮೆ ಬೇರೆ, ನಮ್ಮ ಹೋಟೆಲಿನ ದುಡಿಮೆ ಬೇರೆ. ಅವರು ಹೊಲದಲ್ಲಿ ದಣಿದಾಗ ಮರದ ಕೆಳಗೆ ಕೂರಬಹುದಿತ್ತು. ಇಲ್ಲಿ ಹತ್ತು ಗಂಟೆ ಒಂದೇ ಫರಶಿಯ ಮೇಲೆ, ಭಟ್ಟಿಯ ಎದುರು, ನಿಂತ ಕಾಲಲ್ಲಿ. ವಾರದ ಆರು ದಿನವೆಂದರೆ 60 ಗಂಟೆ. ವಾರದ ರಜೆ ಕೊಡದ ಕಡೆ 70.

ಈ ಗಂಟೆಗಳ ಲೆಕ್ಕ ಏಕೆ ಹೇಳುತ್ತೇವೆ? ಹಲವು ದೇಶಗಳಲ್ಲಿ ಸುಮಾರು 2 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆ 2019ರಲ್ಲಿ ಪ್ರಕಟವಾಯಿತು. ವಾರಕ್ಕೆ 40 ಗಂಟೆ ಮೀರಿ ದುಡಿದವರಲ್ಲಿ ದಿನ ತುಂಬದ ಹೆರಿಗೆಯ ಸಂಭವ ಉಳಿದವರಿಗಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು. ರಾತ್ರಿ ಪಾಳಿಯವರಲ್ಲೂ ಹೆಚ್ಚು ಕಡಿಮೆ ಅಷ್ಟೇ. ಗರ್ಭ ಇಳಿಯುವುದು, ಕೂಸಿನ ತೂಕ ಕಡಿಮೆಯಾಗುವುದು, ಇವೂ ಹೆಚ್ಚು. ಅಲ್ಲಿ 40 ಗಂಟೆಗೇ ಗಡಿ ಹಾಕಿದ್ದಾರೆ. ನಮ್ಮ ತಂಗಿಯರು ಆ ಗಡಿಯನ್ನು ಗುರುವಾರಕ್ಕೇ ಮುಟ್ಟುತ್ತಾರೆ.

ಪರದೇಶದ ಲೆಕ್ಕ ನಮಗೇಕೆ ಎನ್ನುವವರಿಗೆ ನಮ್ಮ ಪುಣೆಯದೇ ಲೆಕ್ಕ ಇದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ ಮತ್ತು ಅವರ ಜೊತೆಯವರು 1993ರಿಂದ 1996ರ ವರೆಗೆ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯರನ್ನು ತಿಂಗಳುಗಟ್ಟಲೆ ಗಮನಿಸಿದರು. ಏನು ಉಣ್ಣುತ್ತಾರೆ, ಎಷ್ಟು ತೂಕ ಏರುತ್ತಾರೆ ಎಂಬುದರ ಜೊತೆಗೆ ಏನೇನು ದುಡಿಯುತ್ತಾರೆ ಎಂಬುದನ್ನೂ ಬರೆದುಕೊಂಡರು. ಬರೀ ಹೊಲದ ಕೆಲಸವಲ್ಲ, ನೀರು ತರುವುದು, ಬಟ್ಟೆ ಒಗೆಯುವುದು, ಮನೆಗೆಲಸ ಎಲ್ಲವನ್ನೂ ಲೆಕ್ಕ ಹಿಡಿದರು. ಇದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ಮನೆಗೆಲಸವನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿದ ದಾಖಲೆಗಳು ಎಷ್ಟಿವೆ? 2003ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೆಚ್ಚು ದುಡಿದ ತಾಯಂದಿರು ಬಸುರಿನಲ್ಲಿ ಕಡಿಮೆ ತೂಕ ಏರಿದ್ದರು. ಅವರ ಕೂಸುಗಳ ತೂಕ ಕಡಿಮೆ, ತಲೆಯ ಸುತ್ತಳತೆ ಕಡಿಮೆ, ತೋಳಿನ ಸುತ್ತಳತೆ ಕಡಿಮೆ. ಸತ್ಯವನ್ನು ಪೂರ್ತಿ ಹೇಳಬೇಕು: ದಿನ ತುಂಬದ ಹೆರಿಗೆಗೂ ದುಡಿಮೆಗೂ ಆ ಹಳ್ಳಿಗಳಲ್ಲಿ ಸಂಬಂಧ ಕಾಣಲಿಲ್ಲ, ಸತ್ತು ಹುಟ್ಟುವ ಕೂಸುಗಳಿಗೂ ಕಾಣಲಿಲ್ಲ. ಕಂಡದ್ದು ಕೂಸಿನ ಗಾತ್ರದಲ್ಲಿ. ಅದೇ ಜನರ ಇನ್ನೊಂದು ವರದಿಯಲ್ಲಿ ಹಾಲು, ಹಣ್ಣು, ಹಸಿರು ಸೊಪ್ಪು ಹೆಚ್ಚು ತಿಂದ ತಾಯಂದಿರ ಕೂಸುಗಳು ದೊಡ್ಡವಾಗಿದ್ದವು ಎಂದಿದೆ.

ಎರಡೂವರೆ ಕಿಲೋಗಿಂತ ಕಡಿಮೆ ಇರುವ ಕೂಸನ್ನು ಕಡಿಮೆ ತೂಕದ ಕೂಸು ಎನ್ನುತ್ತಾರೆ. ಅಂಥ ಕೂಸಿಗೆ ಮೈ ಬೇಗ ತಣ್ಣಗಾಗುತ್ತದೆ, ಹಾಲು ಚೀಪುವ ಬಲ ಕಡಿಮೆ, ರೋಗ ಬೇಗ ಹತ್ತುತ್ತದೆ. ಬದುಕಿ ಬೆಳೆದರೂ ಮುಂದೆ ನಡುವಯಸ್ಸಿನಲ್ಲಿ ಸಕ್ಕರೆ ರೋಗ, ಹೃದಯದ ರೋಗ ಬರುವ ಸಂಭವ ಹೆಚ್ಚು. ಪುಣೆಯ ಈ ಡಾಕ್ಟರರ ಹೆಸರು ಲೋಕಕ್ಕೆ ಗೊತ್ತಾದದ್ದು ಅದೇ ಸಂಗತಿಯ ಸಂಶೋಧನೆಯಿಂದ.

ಇದು ಹೇಗೆ ಆಗುತ್ತದೆ ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಕೂಸು ಬೆಳೆಯುವುದು ತಾಯಿಯ ರಕ್ತದಿಂದ. ಬಹಳ ಹೊತ್ತು ನಿಂತೇ ಇದ್ದರೆ ರಕ್ತ ಕಾಲಿನ ನರಗಳಲ್ಲಿ ತಂಗುತ್ತದೆ. ಕಾಲು ಬಾಯುವುದು ಅದಕ್ಕೇ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದರೆ ಗರ್ಭಕ್ಕೆ ಹೋಗುವ ಪಾಲೂ ಕಡಿಮೆ. ಭಾರ ಎತ್ತುವಾಗ ತೋಳು ತೊಡೆಗಳ ಸ್ನಾಯುಗಳು ತಮ್ಮ ಪಾಲನ್ನು ಮೊದಲು ಎಳೆದುಕೊಳ್ಳುತ್ತವೆ. ಭಟ್ಟಿಯ ಮುಂದೆ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಇನ್ನು ಉಂಡ ಅನ್ನದ ಲೆಕ್ಕ. ಬಸುರಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತಾರೆ, ಅಂದರೆ ದಿನದ ಊಟದ ಮೇಲೆ ಇನ್ನೆರಡು ರೊಟ್ಟಿ, ಪಲ್ಯ, ಒಂದು ಬಟ್ಟಲು ಮೊಸರು. ಆ ಹೆಚ್ಚಿನದನ್ನು ಉಣ್ಣದೆ, ಹೆಚ್ಚಿನ ದುಡಿಮೆ ಮಾಡಿದರೆ ಕೊರತೆ ಯಾರ ಲೆಕ್ಕಕ್ಕೆ ಬೀಳುತ್ತದೆ? ಕೂಸಿನ ಲೆಕ್ಕಕ್ಕೆ. ಹೋಟೆಲಿನಲ್ಲಿ ಸಾವಿರ ಜನಕ್ಕೆ ಅನ್ನ ಹಾಕುವವರು ಉಣ್ಣುವುದು ಎಲ್ಲರ ಕೊನೆಗೆ, ಮೂರೂವರೆಗೋ ನಾಲ್ಕಕ್ಕೋ, ಪಾತ್ರೆಯ ತಳದಲ್ಲಿ ಉಳಿದದ್ದನ್ನು. ಹೋಟೆಲಿನಲ್ಲಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಹೇಳಲು ಸಂಕೋಚ, ಆದರೂ ಹೇಳಬೇಕು. ನಮ್ಮ ಎಷ್ಟೋ ಹೋಟೆಲುಗಳಲ್ಲಿ ಹೆಂಗಸರಿಗೆ ಮರೆಯಾದ ಪಾಯಖಾನೆ ಇಲ್ಲ. ಆ ಕಾರಣಕ್ಕೆ ಅಕ್ಕಂದಿರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದೆ, ಮೂತ್ರ ತಡೆದು ಇದ್ದರೆ ಮೂತ್ರದ ದಾರಿಯಲ್ಲಿ ಸೋಂಕು ಆಗುತ್ತದೆ. ಬಸುರಿನಲ್ಲಿ ಆ ಸೋಂಕು ಏರಿದರೆ ದಿನ ತುಂಬುವ ಮೊದಲೇ ನೋವು ಬರುವುದುಂಟು. ಒಂದು ಬಾಗಿಲು, ಒಂದು ಚಿಲಕ, ಇಷ್ಟು ಇಲ್ಲದ್ದಕ್ಕೆ ಒಂದು ಕೂಸು ಅಪಾಯಕ್ಕೆ ಬೀಳುತ್ತದೆ. ಗಲ್ಲಾದ ಹಿಂದೆ ಕೂತವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಾವು ಗೊತ್ತುಮಾಡಿಕೊಡಬೇಕು.

ರಕ್ತಹೀನತೆಯ ಮಾತನ್ನೂ ಸೇರಿಸುತ್ತೇವೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ ಎಂದು ಕಂಡಿತು. ಸರಕಾರಿ ದವಾಖಾನೆಯಲ್ಲಿ ಕಬ್ಬಿಣದ ಗುಳಿಗೆ ಪುಕ್ಕಟೆ ಕೊಡುತ್ತಾರೆ, ಬಸುರಿನಲ್ಲಿ 180 ದಿನ, ಬಾಣಂತನದಲ್ಲಿ 180 ದಿನ. ನಮ್ಮವರು ಅದನ್ನು ಏನು ಮಾಡುತ್ತಾರೆ ಗೊತ್ತೇ? ಹೋಟೆಲಿನ ಚಹಾದ ಜೊತೆ ನುಂಗುತ್ತಾರೆ. ಚಹಾದಲ್ಲಿರುವ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಗುಳಿಗೆಗೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಅಂತರ ಇರಲಿ. ಲಿಂಬೆಹುಳಿ ಹಿಂಡಿದ ನೀರಿನ ಜೊತೆ ತೆಗೆದುಕೊಂಡರೆ ಹೆಚ್ಚು ಹತ್ತುತ್ತದೆ. ಲಿಂಬೆಹಣ್ಣಿಗೆ ಹೋಟೆಲಿನಲ್ಲಿ ಬರಗಾಲವಿಲ್ಲವಷ್ಟೆ.

ಈಗ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗೋಣ. ಈ ಸಭೆಯಲ್ಲಿ 1982ರ ಮುಷ್ಕರದ ಮೇಲೆ ಮುಂಬಯಿಯ ಗಿರಣಿ ಬಿಟ್ಟು ಇತ್ತ ಬಂದ ಹಿರಿಯರಿದ್ದಾರೆ. ಅವರ ಅಜ್ಜಿಯರ ಕಾಲದಲ್ಲಿ ಗಿರಣಿಯ ವೈಂಡಿಂಗ್, ರೀಲಿಂಗ್ ಖಾತೆಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಹೆರಿಗೆಯ ನೋವು ಬರುವ ತನಕ ಕೆಲಸ, ಹೆತ್ತು ಕೆಲವೇ ದಿನಗಳಲ್ಲಿ ಮತ್ತೆ ಕೆಲಸ. ಎಳೆಗೂಸನ್ನು ಚಾಳದಲ್ಲಿ ಬಿಟ್ಟು ಬರಬೇಕು. ಅಳದೆ ಮಲಗಿರಲಿ ಎಂದು ಅಫೀಮಿನ ಗುಳಿಗೆ ತಿನ್ನಿಸಿ ಬರುತ್ತಿದ್ದರು. ತಾಯಂದಿರು ಕಟುಕರಾಗಿರಲಿಲ್ಲ, ಬೇರೆ ದಾರಿ ಇರಲಿಲ್ಲ. 1921ರಲ್ಲಿ ಮುಂಬಯಿ ಸರಕಾರ ಡಾ. ಬಾರ್ನ್ಸ್ ಎಂಬ ಮಹಿಳಾ ಡಾಕ್ಟರರನ್ನು ಇದರ ವಿಚಾರಣೆಗೆ ನೇಮಿಸಿತು. ಅದೇ ವರ್ಷ ಮುಂಬಯಿ ಶಹರದಲ್ಲಿ ಹುಟ್ಟು ಬರೆಸಿದ ಸಾವಿರ ಕೂಸುಗಳಿಗೆ 666 ಸಾವುಗಳು ದಾಖಲಾದವು. ಆ ಲೆಕ್ಕದಲ್ಲಿ ಒಂದು ಸಣ್ಣ ತೊಡಕಿದೆ. ಎಷ್ಟೋ ಹೆಂಗಸರು ತವರಿಗೆ ಹೋಗಿ ಹೆತ್ತು ಬರುತ್ತಿದ್ದರು. ಹುಟ್ಟು ಊರಿನ ಲೆಕ್ಕಕ್ಕೆ, ಸಾವು ಮುಂಬಯಿಯ ಲೆಕ್ಕಕ್ಕೆ. ಅದನ್ನು ಕಳೆದರೂ ಅದು ಭಯಂಕರ ಸಂಖ್ಯೆಯೇ. 2020ರಲ್ಲಿ ಮಹಾರಾಷ್ಟ್ರದ ಲೆಕ್ಕ ಸಾವಿರಕ್ಕೆ 16, ಕರ್ನಾಟಕದ್ದು 19. ನೂರು ವರ್ಷದಲ್ಲಿ ಎಷ್ಟು ದೂರ ಬಂದೆವು ಎಂಬುದು ಇದರಿಂದ ತಿಳಿಯುತ್ತದೆ.

ತವರಿನ ಮಾತು ಬಂತು. ಐದನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಕುಬಸ ಮಾಡಿ, ಸೀಮಂತ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಪದ್ಧತಿ. ತವರು ಎಂದರೆ ನಮ್ಮ ಅಜ್ಜಿಯರು ಕಂಡುಹಿಡಿದ ಹೆರಿಗೆ ರಜೆ. ಅದಕ್ಕೆ ಪಗಾರ ಇರಲಿಲ್ಲ, ಅಷ್ಟೇ. ಇಂದು ನಿಗಡಿಯಲ್ಲಿರುವ ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಆ ತವರು ಉಳಿದಿದೆ? ಹೊಲ ಒಣಗಿ ತಾಯಿತಂದೆಯೇ ಕೆಲಸ ಹುಡುಕಿ ಪುಣೆಗೆ ಬಂದು ಪಕ್ಕದ ಖೋಲಿಯಲ್ಲಿದ್ದಾರೆ. ಸೀರೆ ಉಡಿಸಿ, ಉಡಿ ತುಂಬಿ, ಮರುದಿನ ಬೆಳಿಗ್ಗೆ ಮಗಳನ್ನು ಅದೇ ಹೋಟೆಲಿನ ಅಡಿಗೆಮನೆಗೆ ಕಳಿಸುತ್ತಾರೆ.

ಆ ರಜೆಗೆ ಪಗಾರ ಕೊಡಿಸುವ ಹೋರಾಟ ಹಳೆಯದು. 1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಾಶಿಂಗ್ಟನ್ನಿನಲ್ಲಿ ಕೂಡಿ ಹೆರಿಗೆಯ ಮುಂಚೆ ಆರು ವಾರ, ಆಮೇಲೆ ಆರು ವಾರ ಬಿಡುವು ಬೇಕು ಎಂದು ಗೊತ್ತುಪಡಿಸಿತು. 1924ರಲ್ಲಿ ಎನ್. ಎಂ. ಜೋಶಿಯವರು ದಿಲ್ಲಿಯ ಶಾಸನಸಭೆಯಲ್ಲಿ ಮಸೂದೆ ತಂದರು, ಅದು ಬಿದ್ದುಹೋಯಿತು. 1928ರಲ್ಲಿ ಮುಂಬಯಿ ಶಾಸನಸಭೆಯ ಮುಂದೆ ಅಂಥ ಮಸೂದೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡಕರರು ಅದರ ಪರವಾಗಿ ಮಾತಾಡಿದರು. ಹೆರುವ ಮುಂಚೆಯೂ ಹೆತ್ತ ಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ರಾಷ್ಟ್ರದ ಹಿತ, ಆದ್ದರಿಂದ ಖರ್ಚಿನ ಹೆಚ್ಚು ಭಾರ ಸರಕಾರ ಹೊರಬೇಕು, ಆದರೂ ಹೆಂಗಸರನ್ನು ದುಡಿಸಿ ಲಾಭ ಪಡೆಯುವ ಮಾಲಿಕನೂ ಪಾಲು ಕೊಡಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯದೆಯಾಯಿತು, ದೇಶದಲ್ಲಿ ಮೊದಲನೆಯದು. ಭಾರ ಮಾತ್ರ ಪೂರ್ತಿ ಮಾಲಿಕರ ಮೇಲೆ ಬಿತ್ತು. ಮಾಲಿಕರೇನು ಮಾಡಿದರು? ಮೆಲ್ಲಮೆಲ್ಲಗೆ ಹೆಂಗಸರನ್ನೇ ಕಡಿಮೆ ಮಾಡಿದರು. ಬೇರೆ ಕಾರಣಗಳೂ ಇದ್ದವು, ರಾತ್ರಿ ಪಾಳಿಗೆ ಹೆಂಗಸರನ್ನು ಕರೆಯಬಾರದೆಂಬ ನಿಯಮವಿತ್ತು, ಹೊಸ ಯಂತ್ರಗಳು ಬಂದವು. ಆದರೆ ಹೆರಿಗೆ ಖರ್ಚೂ ಒಂದು ನೆಪವಾಯಿತು. ಅಂಬೇಡಕರರು ಹೇಳಿದ ಹಾಗೆ ಭಾರ ಹಂಚಿಹೋಗಿದ್ದರೆ ಈ ನೆಪ ಸಿಗುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆ ಹಂಚಿಕೆ ಸ್ವಲ್ಪ ಮಟ್ಟಿಗೆ ಬಂದದ್ದು 1948ರ ರಾಜ್ಯ ವಿಮೆ ಕಾಯದೆಯಲ್ಲಿ, ಅಂದರೆ ನಮ್ಮ ಇ.ಎಸ್.ಐ. ಯಲ್ಲಿ. ಮಾಲಿಕನೂ ಕಟ್ಟುತ್ತಾನೆ, ನಾವೂ ಕಟ್ಟುತ್ತೇವೆ, ಹೆರಿಗೆಯ ಪಗಾರ ನಿಗಮದಿಂದ ಬರುತ್ತದೆ. 2019ರಲ್ಲಿ ಗೊತ್ತುಪಡಿಸಿದ ದರ ನೂರಕ್ಕೆ ನಮ್ಮದು ಮುಕ್ಕಾಲು ರೂಪಾಯಿ, ಮಾಲಿಕರದು ಮೂರೂಕಾಲು. ಹಾಗಿರುವಾಗ "ಹೆಂಗಸರನ್ನು ಇಟ್ಟುಕೊಂಡರೆ ಆರು ತಿಂಗಳ ಪಗಾರ ನನ್ನ ಕೈಯಿಂದ ಹೋಗುತ್ತದೆ" ಎಂದು ಮಾಲಿಕರು ಹೇಳಿದರೆ ನಂಬಬೇಡಿ. ಇ.ಎಸ್.ಐ. ಇರುವ ಕಡೆ ಅವರ ಕೈಯಿಂದ ಆ ಪಗಾರ ಹೋಗುವುದಿಲ್ಲ.

ಈಗ ಹಕ್ಕುಗಳ ಮಾತು. 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯದ ಕಾಯದೆ ಬಂತು. 2017ರಲ್ಲಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಅದರಲ್ಲಿ 8 ವಾರದ ತನಕ ಹೆರಿಗೆಯ ಮುಂಚೆ ತೆಗೆದುಕೊಳ್ಳಬಹುದು. ಎರಡು ಮಕ್ಕಳಿರುವವರಿಗೆ ಮಾತ್ರ 12 ವಾರವೇ. ಈ ಕಾಯದೆಯನ್ನೂ ಇ.ಎಸ್.ಐ. ಕಾಯದೆಯನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದರು. ಹೆಸರು ಬದಲಾಯಿತು, ಈ ಹಕ್ಕುಗಳು ಉಳಿದಿವೆ. "ಹಳೆಯ ಕಾಯದೆ ಹೋಯಿತು" ಎಂದು ಯಾರಾದರೂ ಹೇಳಿದರೆ ತಲೆ ಅಲ್ಲಾಡಿಸಿ ಬರಬೇಡಿ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಹಕ್ಕು ಸಿಗುತ್ತದೆ. ಇ.ಎಸ್.ಐ. ಯಲ್ಲಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಾಕು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಗರ್ಭ ಇಳಿದುಹೋದರೂ 6 ವಾರದ ಪಗಾರದ ರಜೆ ಇದೆ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಮೂರನೆಯ ದಿನಕ್ಕೇ ಕೆಲಸಕ್ಕೆ ಬಂದವರನ್ನು ನಾವು ಕಂಡಿದ್ದೇವೆ. ಮರಳಿ ಕೆಲಸಕ್ಕೆ ಬಂದ ಮೇಲೆ ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು. 50 ಜನ ದುಡಿಯುವ ಕಡೆ ಕೂಸಿನ ಮನೆ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಬಹುದು.

ಇವೆಲ್ಲದರಲ್ಲಿ ನಮ್ಮ ಮನಸ್ಸಿಗೆ ನಾಟಿದ ನಿಯಮ ಒಂದಿದೆ. ಅದರ ಹೆಸರು ಯಾರೂ ಹೇಳುವುದಿಲ್ಲ. ಹೆರಿಗೆಗೆ ಮುಂಚಿನ ಆರು ವಾರಕ್ಕೂ ಹಿಂದಿನ ಒಂದು ತಿಂಗಳು, ಮತ್ತು ರಜೆ ತೆಗೆದುಕೊಳ್ಳದೆ ದುಡಿಯುತ್ತಿದ್ದರೆ ಆ ಆರು ವಾರವೂ ಕೂಡ, ಬಸುರಿ ಕೇಳಿಕೊಂಡರೆ ಮಾಲಿಕ ಅವಳಿಂದ ಶ್ರಮದ ಕೆಲಸ ಮಾಡಿಸಕೂಡದು, ಬಹಳ ಹೊತ್ತು ನಿಂತು ಮಾಡುವ ಕೆಲಸ ಮಾಡಿಸಕೂಡದು. ನಿಂತು ಮಾಡುವ ಕೆಲಸ ಎಂದೇ ಬರೆದಿದೆ, ಬಂಧುಗಳೇ, 1961ರಿಂದ ಬರೆದಿದೆ. ಆ ಸ್ಟೂಲು ಕಾಯದೆಯ ಸ್ಟೂಲಾಗಿತ್ತು. ಆ ತಂಗಿಗೆ ಐದಾರು ತಿಂಗಳಷ್ಟೇ ಆಗಿತ್ತು, ಅಕ್ಷರಕ್ಕೆ ಅಕ್ಷರ ಹಿಡಿದರೆ ಕಾಯದೆಯ ಅವಧಿ ಇನ್ನೂ ಬಂದಿರಲಿಲ್ಲ ಎಂದು ಯಾರಾದರೂ ವಾದ ಮಾಡಬಹುದು. ಆದರೆ ಪುಣೆಯ ಡಾಕ್ಟರರು 18ನೆಯ ವಾರದ ದುಡಿಮೆಗೂ ಕೂಸಿನ ಗಾತ್ರಕ್ಕೂ ಸಂಬಂಧ ಕಂಡಿದ್ದಾರೆ. ಅಲ್ಲಿಗೆ ಇನ್ನೂ ಐದು ತಿಂಗಳೂ ತುಂಬಿರುವುದಿಲ್ಲ. ಕಾಯದೆ ಕೊನೆಯ ಎರಡೂವರೆ ತಿಂಗಳನ್ನು ನೋಡುತ್ತದೆ, ಕೂಸು ಅದಕ್ಕೂ ಮೊದಲಿನಿಂದ ಬೆಳೆಯುತ್ತಿರುತ್ತದೆ. ಕಾಯದೆ ತಲುಪದ ಆ ತಿಂಗಳುಗಳನ್ನು ಅಡಿಗೆಮನೆಯಲ್ಲಿರುವ ನಾವು ತುಂಬಿಕೊಡಬೇಕು.

ಇಷ್ಟೆಲ್ಲ ಹಕ್ಕುಗಳಿದ್ದೂ ನಮ್ಮ ಅಕ್ಕಂದಿರಿಗೆ ಏಕೆ ಸಿಗುವುದಿಲ್ಲ? ಹತ್ತು ಎಂಬ ಸಂಖ್ಯೆಯಿಂದ. ಅಂಗಡಿ, ಹೋಟೆಲುಗಳಲ್ಲಿ ಹತ್ತು ಜನ ಇದ್ದರೆ ಈ ಕಾಯದೆ, ಈ ಇ.ಎಸ್.ಐ. ನಾವು ಕಂಡ ಒಂದು ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು. ಒಳಗೆ ದುಡಿಯುವವರು ಹದಿನೆಂಟು. ಆ ಒಂಬತ್ತರಲ್ಲಿ ಒಂದೂ ಹೆಂಗಸಿನ ಹೆಸರಿಲ್ಲ. ಕೇಳಿದರೆ, "ಅವರು ರೋಜಿನವರು, ಇಂದು ಬಂದಾರು, ನಾಳೆ ಬರಲಿಕ್ಕಿಲ್ಲ" ಎಂಬ ಉತ್ತರ. ರೋಜಿನವರಿಗೆ ಹಕ್ಕಿಲ್ಲ ಎಂಬುದು ಶುದ್ಧ ಸುಳ್ಳು. ದಿಲ್ಲಿಯ ಮಹಾನಗರ ಪಾಲಿಕೆಯಲ್ಲಿ ರಸ್ತೆ ಕೆಲಸಕ್ಕೆ ದಿನಗೂಲಿಯ ಮೇಲಿದ್ದ ಹೆಂಗಸರು ಇದೇ ಹಕ್ಕು ಕೇಳಿ ಸುಪ್ರೀಂ ಕೋರ್ಟಿನ ತನಕ ಹೋದರು. 2000ದ ಮಾರ್ಚ್ 8ರಂದು ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕಾಯಂ ಇರಲಿ, ದಿನಗೂಲಿ ಇರಲಿ, ಹೆರಿಗೆ ಒಂದೇ ಎಂಬುದು ಅದರ ಸಾರ. ಆದರೆ ಕೋರ್ಟಿನಲ್ಲಿಯೂ ಮೊದಲು ಕೇಳುವ ಪ್ರಶ್ನೆ: ನೀನು ಅಲ್ಲಿ ಕೆಲಸ ಮಾಡುತ್ತಿದ್ದೆ ಎಂಬುದಕ್ಕೆ ಏನು ಪುರಾವೆ? ಆದ್ದರಿಂದ ಹಾಜರಿ ಪುಸ್ತಕದ ಹೆಸರು ಬರೀ ಪಗಾರದ ಸಂಗತಿಯಲ್ಲ. ಆ ಪುಸ್ತಕ ತೋರಿಸದಿದ್ದರೆ ನಿಮ್ಮದೇ ಒಂದು ಚೋಪಡಿ ಇಡಿ. ಬಂದ ದಿನ, ಕೊಟ್ಟ ದುಡ್ಡು, ಜೊತೆಗಿದ್ದವರ ಹೆಸರು ಬರೆಯಿರಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ.

ಹೋಟೆಲು ಬಿಟ್ಟು ಉಳಿದವರ ಮಾತು ಸಂಕ್ಷೇಪವಾಗಿ. ಇಟ್ಟಿಗೆ, ಮಣ್ಣು ಹೊರುವ ಕಲಬುರ್ಗಿ, ಯಾದಗಿರಿ ಕಡೆಯ ತಂಗಿಯರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು, ಮೊದಲ ಎರಡು ಹೆರಿಗೆಗೆ ಅಲ್ಲಿಂದ ಸಹಾಯಧನ ಇದೆ. ಪ್ರಾಧಿಕರಣದ ಬಂಗಲೆಗಳಲ್ಲಿ ಮನೆಗೆಲಸ ಮಾಡುವವರಿಗೆ ಪಗಾರದ ರಜೆಯ ಕಾಯದೆ ತಲುಪುವುದಿಲ್ಲ. ಅವರಿಗೆ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ, 2017ರಿಂದ ಮೊದಲ ಹೆರಿಗೆಗೆ 5,000 ರೂಪಾಯಿ, 2022ರಿಂದ ಎರಡನೆಯದು ಹೆಣ್ಣಾದರೆ 6,000. ಈ ಮೊತ್ತವನ್ನು ಸಾಕು ಎನ್ನಲು ನಮ್ಮ ನಾಲಗೆ ಏಳುವುದಿಲ್ಲ. ಆದರೂ ಬಿಡಬೇಡಿ, ಅಂಗನವಾಡಿಯಲ್ಲಿ ಹೆಸರು ಬರೆಸಿ. ಊರಲ್ಲಿ ಹೆಂಡತಿಯನ್ನು ಬಿಟ್ಟು ಇಲ್ಲಿ ದುಡಿಯುವ ನಮ್ಮ ಹೋಟೆಲು ಹುಡುಗರೂ ಕೇಳಿಸಿಕೊಳ್ಳಿ. ನಿಮ್ಮ ಇ.ಎಸ್.ಐ. ಯಿಂದ ಹೆಂಡತಿಗೂ ವೈದ್ಯೋಪಚಾರ ಇದೆ. ಇ.ಎಸ್.ಐ. ಸೌಲಭ್ಯವಿಲ್ಲದ ಕಡೆ ಹೆರಿಗೆಯಾದರೆ ಎರಡು ಹೆರಿಗೆಯ ತನಕ ಖರ್ಚಿನ ಹಣವೂ ಇದೆ.

ಇನ್ನು ಮನೆಯ ಮಾತು. ಮಾಲಿಕರನ್ನು ಬೈದು ಕೈ ತೊಳೆದುಕೊಂಡರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2019ರ ನವೆಂಬರಿನಲ್ಲಿ ನಮ್ಮ ಪಿಂಪರಿ-ಚಿಂಚವಡ ಪಾಲಿಕೆ ದಿನ ಬಿಟ್ಟು ದಿನ ನೀರು ಬಿಡುವುದನ್ನು ಶುರುಮಾಡಿತು. ಒಂದು ದಿನ ಬಿಟ್ಟು ನೀರು ಬಂದರೆ ಬಂದ ದಿನ ಎರಡು ದಿನದ ಕೊಡ ತುಂಬಬೇಕು. ತುಂಬುವವರು ಯಾರು? ಹತ್ತು ಗಂಟೆ ನಿಂತು ಬಂದವಳೇ. ಹಳ್ಳಿಗಳಲ್ಲಿ ಡಾಕ್ಟರರು ನೀರು ಹೊರುವುದನ್ನು ಲೆಕ್ಕ ಹಿಡಿದರು ಎಂದೆವಲ್ಲ, ನಿಗಡಿಯ ಚಾಳಿನಲ್ಲೂ ಹಿಡಿಯಬೇಕು. ಹೋಟೆಲಿನಲ್ಲಿ ಐವತ್ತು ಲೀಟರಿನ ಹಂಡೆಯನ್ನು ಲೀಲೆಯಿಂದ ಎತ್ತುವ ನಮ್ಮ ಗಂಡಸರಿಗೆ ಮನೆಯ ಮುಂದಿನ ನಲ್ಲಿಯಿಂದ ಕೊಡ ಎತ್ತಲು ಮಾತ್ರ ಮಾನ ಅಡ್ಡ ಬರುತ್ತದೆ. ಒಬ್ಬರಾದರೂ ನಗದೆ ಇದ್ದೀರಾ? ನಗುವುದು ಬೇಡ, ನಾವೂ ಹಾಗೇ ಇದ್ದವರು.

ದವಾಖಾನೆಗೆ ಹೋಗಲು ಪಾಳಿ ತಪ್ಪುತ್ತದೆ, ರೋಜು ಹೋಗುತ್ತದೆ ಎಂದು ತಪಾಸಣೆ ತಪ್ಪಿಸಬೇಡಿ. ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆಂದೇ ಪುಕ್ಕಟೆ ತಪಾಸಣೆ ಇದೆ, 2016ರಿಂದ ನಡೆಯುತ್ತಿದೆ. ನಮಗೆ ಹತ್ತಿರ ಪಿಂಪರಿಯ ಯಶವಂತರಾವ ಚವ್ಹಾಣ ಆಸ್ಪತ್ರೆ, ಇ.ಎಸ್.ಐ. ಇದ್ದವರಿಗೆ ಚಿಂಚವಡದ ಮೋಹನನಗರದ ಆಸ್ಪತ್ರೆ. ಆ ಒಂದು ದಿನ ಅವಳ ಕೆಲಸವನ್ನು ಜೊತೆಯವರು ಹಂಚಿಕೊಂಡು ಮಾಡಿರಿ, ರೋಜು ಕಡಿಯದಂತೆ ನೋಡಿಕೊಳ್ಳಿರಿ. ಹೆರಿಗೆಗೆ ಊರಿಗೆ ಹೋಗುವವರು ಇಲ್ಲಿನ ತಪಾಸಣೆಯ ಕಾರ್ಡನ್ನು ಗಂಟಿನಲ್ಲಿ ಮೊದಲು ಇಟ್ಟುಕೊಳ್ಳಿ. ಅದಿಲ್ಲದೆ ಹೋದರೆ ಅಲ್ಲಿನ ಡಾಕ್ಟರರಿಗೆ ಹಿಂದಿನದು ಏನೂ ತಿಳಿಯುವುದಿಲ್ಲ. ಬಿಡದ ತಲೆನೋವು, ಮುಖ ಬಾಯುವುದು, ಕಣ್ಣು ಮಂಜಾಗುವುದು, ರಕ್ತ ಕಾಣುವುದು, ನೀರು ಹೋಗುವುದು, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಪಾಳಿ ಮುಗಿಯಲಿ ಎಂದು ಕಾಯಬೇಡಿ. 108ಕ್ಕೆ ಫೋನು ಮಾಡಿ.

ಆ ವಿಜಾಪುರದ ತಂಗಿ ಈಗಲೂ ನಿಗಡಿಯಲ್ಲಿದ್ದಾಳೆ. ಆಮೇಲೆ ಅವಳಿಗೆ ಒಬ್ಬ ಮಗಳು ಹುಟ್ಟಿದಳು, ಎರಡು ಕಿಲೋ ಎಂಟುನೂರು ಗ್ರಾಂ. ಆ ಸಲ ಅವಳು ಬೇರೆ ಅಡಿಗೆಮನೆಯಲ್ಲಿದ್ದಳು, ಕೂತು ಕಾಯಿಪಲ್ಯ ಹೆಚ್ಚುವ ಕೆಲಸ. ಅಲ್ಲಿ ಉಸ್ತುವಾರಿಯಲ್ಲಿದ್ದ ನಮ್ಮ ಉಡುಪಿ ಕಡೆಯ ಅಣ್ಣ ಯಾವ ಕಾಯದೆಯನ್ನೂ ಓದಿದವರಲ್ಲ. ತಮ್ಮ ತಂಗಿಯ ಬಸುರಿನಲ್ಲಿ ಕಂಡದ್ದನ್ನು ನೆನಪಿಟ್ಟವರು, ಅಷ್ಟೇ. ಎರಡು ಕೂಸುಗಳ ತೂಕದ ಅಂತರಕ್ಕೆ ಕೂತ ಸ್ಟೂಲು ಒಂದೇ ಕಾರಣ ಎಂದು ನಾವು ಈಗಲೂ ಹೇಳುವುದಿಲ್ಲ. ಅವಳನ್ನು ಈ ಸಭೆಗೆ ಕರೆದಿದ್ದೆವು, ಪಾಳಿ ಇದ್ದುದರಿಂದ ಬರಲಾಗಲಿಲ್ಲ.

ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿರುತ್ತೇವೆ. ನಿಮ್ಮ ಹೋಟೆಲಿನಲ್ಲಿ, ನಿಮ್ಮ ಕ್ಯಾಂಟೀನಿನಲ್ಲಿ, ನೀವು ಕೆಲಸ ಮಾಡುವ ಕಟ್ಟಡದಲ್ಲಿ ಎಷ್ಟು ಹೆಂಗಸರು ದುಡಿಯುತ್ತಾರೆ, ಅವರಲ್ಲಿ ಎಷ್ಟು ಜನರ ಹೆಸರು ಹಾಜರಿಯಲ್ಲಿದೆ, ಬಸುರಿಯರಿದ್ದರೆ ಎಷ್ಟನೆಯ ತಿಂಗಳು, ಕೂರಲು ಸ್ಟೂಲು ಇದೆಯೇ, ಪಾಯಖಾನೆ ಇದೆಯೇ, ಇಷ್ಟು ಬರೆಸಿ ಹೋಗಿ. ಗಂಡಸರೂ ಬರೆಸಬಹುದು. ಮುಂದಿನ ವಾರ ನಾವು ನಾಲ್ಕು ಜನ ಆ ಪುಸ್ತಕ ಹಿಡಿದು ಮಾಲಿಕರ ಹತ್ತಿರ ಹೋಗುವವರಿದ್ದೇವೆ. ಐದನೆಯವರು ಬೇಕಾಗಿದ್ದಾರೆ, ಒಬ್ಬ ಹೆಣ್ಣುಮಗಳು ಬಂದರೆ ಮಾತು ನೆಟ್ಟಗೆ ನಡೆಯುತ್ತದೆ.